ಬಲ ಅಂಚಿನ ಹುಡುಗ

ಭಾನುವಾರದ ಫುಟ್‌ಬಾಲ್ ಪಂದ್ಯಕ್ಕೆ ಮುದುಕರು ಹರೆಯದಲ್ಲಿದ್ದ ತಮ್ಮನ್ನೇ ಹಿಂದಿನ ಕಾಲದಿಂದ ಕರೆಸಿ ಆಡಿಸುವುದು ಆಸ್ಟಿನ್ ಟೌನಿನಲ್ಲಿ ಈಗ ಮಾಮೂಲು. ಕರೆಸಿದವರು ಯಾರೆಂದು ಬಂದವರಿಗೆ ಹೇಳಬಾರದು, ಅಷ್ಟೆ.

ಊರುಗೋಲು ಹಿಡಿದು ಕೂತ ಅಲೋಶಿಯಸ್ ಕಣ್ಣೆದುರೇ, ಹರೆಯದ ಅಲೋಶಿಯಸ್ ಮೈದಾನದ ಬಲ ಅಂಚಿನಲ್ಲಿ ಗಾಳಿಯಂತೆ ಓಡುತ್ತಿದ್ದ. ಎದುರು ತಂಡದಲ್ಲಿ ಅವನಿಗೆ ಮುಖಾಮುಖಿಯಾದವಳು ಮೊಮ್ಮಗಳು ಶೆರಿನ್.

“ಓಟದಲ್ಲಿ ನಿನ್ ಮುಂದೆ ಇವಳೆಲ್ಲಿ ಬಿಡೋ,” ಎಂದರು ಗೆಳೆಯ ಮುರುಗೇಶ.

“ಸ್ವಲ್ಪ ತಡಿ.”

ಶೆರಿನ್ ಚೆಂಡಿನ ಮೇಲೆ ಕಾಲಿಟ್ಟು ಅರೆಗಳಿಗೆ ನಿಂತಳು. ಹುಡುಗ ರಭಸದಲ್ಲಿ ಮುಂದೆ ಹೋಗಿಬಿಟ್ಟ. ಅವಳು ಅವನ ಬೆನ್ನ ಹಿಂದೆ ನುಸುಳಿ ಗೋಲು ಹೊಡೆದಳು.

“ಯಾರಮ್ಮಾ ಇದನ್ನ ಕಲಿಸಿದ್ದು?” ಹುಡುಗ ಬೆರಗಾದ.

“ನಮ್ ತಾತ, ಅಗೋ ಅಲ್ಲಿ ಕೂತಿರೋರು. ಮಂಡಿ ಹೋದ್ಮೇಲೆ ಕಂಡ್ಕೊಂಡಿದ್ದಂತೆ.”

ಹುಡುಗ ಊರುಗೋಲಿನತ್ತ ತಿರುಗಿ ನೋಡಿದ.

“ಪಾಪ, ಅವರೂ ಆಡ್ತಿದ್ರಾ?”