ಪೆಟ್ಟಿಗೆಯಲ್ಲಿದ್ದ ಸಮಾಳ

ಹಾಲೇಶ್ ಕೀಬೋರ್ಡಿನ ಕರಿ ಮನೆಯನ್ನು ಮತ್ತೊಮ್ಮೆ ಗುದ್ದಿದ. ಚರ್ಮವಾದ್ಯ ಸಮಾಳದ ಸದ್ದು ಬರಲೇ ಇಲ್ಲ. ಮೊನ್ನೆ ಕೊಂಡ ಹೊಸ ಕಂಪ್ಯೂಟರಿನಲ್ಲಿ, ಸಮಾಳ ನುಡಿಸುವ ಹಳೆಯ ಸಾಫ್ಟ್‌ವೇರ್ ಸತ್ತಂತೆ ಬಿದ್ದಿತ್ತು. ಹೊಸಪೇಟೆಯ ಅವನ ಸ್ಟುಡಿಯೋದ ಭಕ್ತಿಗೀತೆಗಳೆಲ್ಲ ಏಳು ವರ್ಷ ನಡೆದದ್ದು ಅದರ ಮೇಲೆಯೇ.

ಅದರೊಳಗಿದ್ದದ್ದು ಬಂಡ್ರಿಯ ಸಮಾಳಗಾರ ಕೊಟ್ರಬಸಪ್ಪನ ಪೆಟ್ಟುಗಳು. ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ ಹಾಲೇಶ್ ಅವನನ್ನು ಕೂರಿಸಿಕೊಂಡು ಒಂದೊಂದೇ ಪೆಟ್ಟನ್ನು ರೆಕಾರ್ಡ್ ಮಾಡಿಟ್ಟುಕೊಂಡಿದ್ದ. ಆಮೇಲೆ ಅವನನ್ನು ಕರೆದದ್ದು ಇವತ್ತೇ, ಬೇರೆ ದಾರಿಯಿಲ್ಲದೆ. ಮುದುಕ ಸಮಾಳವನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬಳಿ ಕೂತಿದ್ದ.

"ಒಳಗಿನ ಚಿಪ್ಪೇ ಬ್ಯಾರೆ ಬಂದೈತ್ರಿ, ಹಳೇವು ಇದ್ರಾಗ ನಡಿಯಂಗಿಲ್ಲ" ಎಂದ ಕಂಪ್ಯೂಟರ್ ಅಂಗಡಿಯವನು ಫೋನಿನಲ್ಲಿ.

ಹಾಲೇಶನ ಪಿತ್ತ ನೆತ್ತಿಗೇರಿತು. "ಹೊಸಾದು ಬಂತಂತ ಒಂದ್ ಮಾತೂ ಹೇಳ್ದಂಗ ಹಳೇದನ್ನ ಕೈಬಿಡ್ತೀರೇನ್ರಿ? ಅದನ್ನ ನಂಬ್ಕೊಂಡು ಹೊಟ್ಟಿ ಹೊರ್ಕೊಳ್ಳೋರು ಎಲ್ಲಿಗೆ ಹೋಗ್ಬೇಕು? ನಾಚಿಕಿ ಆಗಂಗಿಲ್ಲ?" ಎಂದು ಅರಚಿ ಫೋನನ್ನು ಮೇಜಿಗೆ ಕುಕ್ಕಿದ.

ಕೊಟ್ರಬಸಪ್ಪ ಎದ್ದು ಸಮಾಳವನ್ನು ಹೆಗಲಿಗೇರಿಸಿದ.

"ಏಳು ವರ್ಷದಿಂದ ನಿನಗ ಅನ್ಬೇಕಂತ ಇಟ್ಕೊಂಡಿದ್ದ ಮಾತಲೇ ಅದು. ನಿನ್ನ ಬಾಯಿಲೇ ಬಂತು."