ಪಂಚಾಕ್ಷರಿಯ ಅರ್ಧ ಮುದ್ದೆ

ಪಂಚಾಕ್ಷರಿ ಮುದ್ದೆಯನ್ನು ಬೆರಳಿನಿಂದ ಸೀಳಿ, ತಟ್ಟೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ಮುದ್ದೆ ನುಣ್ಣಗೆ ಹೊಳೆಯುತ್ತಿತ್ತು.

"ತುಪ್ಪ ಸವರಿದೀರಾ?"

"ತುಪ್ಪದ ತೊಟ್ಟೂ ಇಲ್ಲ ಸ್ವಾಮಿ," ಎಂದಳು ಖಾನಾವಳಿಯ ನೀಲಗಂಗಮ್ಮ. "ನಿಮಗೆ ಏನು ಬೇಕೋ ಅಷ್ಟೇ ಹಾಕಿದೀನಿ."

ಹಾಗಾದರೆ ಕೈಗೆ ನೀರು ಮುಟ್ಟಿಸಿಕೊಂಡು ಕಟ್ಟಿದ ಹೊಳಪು. ನೀರಿಗೆ ಕ್ಯಾಲೊರಿ ಇಲ್ಲ. ಅವನು ಜೇಬಿನ ಪುಟ್ಟ ಪುಸ್ತಕ ತೆಗೆದು ಬರೆದ: ಅರ್ಧ ಮುದ್ದೆ, ನೂರೈವತ್ತು. ಸೊಪ್ಪಿನ ಸಾರು, ಅರವತ್ತು. ನೀರುಮಜ್ಜಿಗೆ, ಇಪ್ಪತ್ತು.

ಈ ಅಂಕಿ ಎಲ್ಲಿಂದ ಬಂತು ಅನ್ನುತ್ತೀರೋ? ಅವನ ತಲೆಯಿಂದ. ಕಾರ್ಖಾನೆಯ ಡಾಕ್ಟರು ಕೊಟ್ಟ ಇಂಗ್ಲಿಷ್ ಪುಸ್ತಿಕೆಯಲ್ಲಿ ಬ್ರೆಡ್ಡಿತ್ತು, ಬೇಯಿಸಿದ ಆಲೂಗಡ್ಡೆಯಿತ್ತು, ಹಂದಿಮಾಂಸಕ್ಕೆ ಮೂರು ಸಾಲಿತ್ತು. ಮುದ್ದೆಯ ಸುದ್ದಿಯೇ ಇರಲಿಲ್ಲ. ಅದಕ್ಕೆಲ್ಲ ಹೆದರುವ ಜೀವವಲ್ಲ ಇದು. ಉಗ್ರಾಣದಲ್ಲಿ ತೂಕ ಬರೆಯುವ ಗುಮಾಸ್ತ. ತಕ್ಕಡಿ ಸುಳ್ಳು ಹೇಳೀತು, ನನ್ನ ಕಣ್ಣು ಹೇಳದು ಎಂಬ ಜಂಬ.

ಕೆಲಸ ಮಾತ್ರ ಇನ್ನೂ ಹಂಗಾಮಿ. ನೂರ ಎಂಬತ್ತೆರಡು ಪೌಂಡಿದ್ದವನಿಗೆ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: ಯುಗಾದಿಯೊಳಗೆ ನೂರ ಎಪ್ಪತ್ತಕ್ಕೆ ಇಳಿದರೆ ಖಾಯಂ, ಇಲ್ಲದಿದ್ದರೆ ಮನೆಗೆ. ಖಾಯಂ ಆದರೆ ರಾಜಾಜಿನಗರದ ಹೊಸ ಬ್ಲಾಕಿನಲ್ಲಿ ಒಂದು ಮನೆ ಹಿಡಿಯಬಹುದು. ತಿಪಟೂರಿನ ತವರಿನಲ್ಲಿ ಎರಡು ವರ್ಷದಿಂದ ಕಾದು ಕೂತ ಹೆಂಡತಿ ಕಲ್ಯಾಣಮ್ಮನನ್ನು ಕರೆತರಬಹುದು.

ಇದನ್ನು ನೀಲಗಂಗಮ್ಮನಿಗೆ ಹೇಳಿದ್ದರೆ ಇವನ ಗಂಟೇನೂ ಹೋಗುತ್ತಿರಲಿಲ್ಲ. ಹೇಳಲಿಲ್ಲ. ಒಲೆ ಊದುವ ಹೆಂಗಸಿಗೆ ಕ್ಯಾಲೊರಿ ವಿವರಿಸುವುದೇ? ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ಅರ್ಧ, ಸಾಕು, ಬೇಡ. ತುಪ್ಪದ ತನಿಖೆ ಬಿಟ್ಟರೆ ಈ ಮೂರು ಮಾತಿನ ಮೇಲೆ ನಾಲ್ಕನೆಯದು ಅವನ ಬಾಯಿಂದ ಉದುರುತ್ತಿರಲಿಲ್ಲ.

ಊಟಕ್ಕೆ ಕೂರುವ ಮೊದಲು ಒಂದು ಚೊಂಬು ನೀರು ಗಟಗಟ ಕುಡಿಯುವನು, ಹೊಟ್ಟೆ ತುಂಬಿದ ಹಾಗಿರಲಿ ಅಂತ. ಬಸ್ಸು ಬಿಟ್ಟು ಮಲ್ಲೇಶ್ವರದ ಕೋಣೆಯಿಂದ ಧೂಳಿನಲ್ಲಿ ನಡೆದೇ ಬರುವನು. ಹೊಟ್ಟೆ ಇಳಿಯುವ ಮುಂಚೆಯೇ ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದು ಬಿಗಿದುಕೊಂಡಿದ್ದ. ಸಂಕ್ರಾಂತಿಯ ದಿನ ಹೋಳಿಗೆ ಬಂದಾಗ ಎರಡು ಸಲ ಮೂಸಿ ನೋಡಿ, "ಬೇಡ" ಎಂದು ತಟ್ಟೆ ತಳ್ಳಿದ. ಗಂಟಲಮಣಿ ಮೇಲೆ ಹೋಗಿ ಕೆಳಗೆ ಬಂದದ್ದನ್ನು ಎದುರಿಗೆ ಕೂತವನು ನೋಡಿಬಿಟ್ಟ.

ಎದುರಿಗೆ ಕೂತವನು ಅಂಜಿನಯ್ಯ. ಅದೇ ಕಾರ್ಖಾನೆಯಲ್ಲಿ ಲೇತ್ ಯಂತ್ರ ಓಡಿಸುವವನು, ಮನೆ ಕುರುಬರಹಳ್ಳಿ. ಮೂರು ಮುದ್ದೆ ನುಂಗಿದರೂ ಒಣಕಲು ಕಡ್ಡಿ, ಅದೇ ಪಂಚಾಕ್ಷರಿಗೆ ಮೈಯೆಲ್ಲ ಉರಿ. ಸಾಲದ್ದಕ್ಕೆ ದಿನಾ ಮನೆಯಿಂದ ಒಂದು ಹಿತ್ತಾಳೆ ಡಬ್ಬಿ ತಂದು ಅಡುಗೆಮನೆಗೆ ಕೊಟ್ಟು, ಏನೋ ಪಿಸುಗುಟ್ಟಿ ಬಂದು ಕೂರುತ್ತಿದ್ದ. ಇಲ್ಲಿನದು ಸಾಲದೆ ನೆಂಚಿಕೊಳ್ಳಲು ಬೇರೆ ಹೊತ್ತು ತರುತ್ತಾನೆ, ಹೊಟ್ಟೆಬಾಕ.

"ಇನ್ನೊಂದು ತುತ್ತು ಹಾಕಿಸ್ಕೊಳ್ಳಿ ಸಾರ್," ಎಂದ ಅಂಜಿನಯ್ಯ ಒಂದು ದಿನ. "ನಮ್ಮ ಹತ್ರ ಎಂಥ ಸಂಕೋಚ."

"ನಾನು ನಿಮ್ಮ ಹಾಗೆ ತಿನ್ನೋದಕ್ಕೇ ಹುಟ್ಟಿದವನಲ್ಲ ಕಣಯ್ಯ."

ಅಂಜಿನಯ್ಯ ತಲೆ ತಗ್ಗಿಸಿ ತನ್ನ ಮುದ್ದೆ ಮುರಿದ. ನಾಚಿಕೆಯಾಯಿತಲ್ಲ, ಆಗಲಿ ಎಂದುಕೊಂಡ ಪಂಚಾಕ್ಷರಿ.

ತಿಂಗಳಾದ ಮೇಲೆ ಸಿಟಿ ಸ್ಟೇಷನ್ನಿನ ತೂಕದ ಯಂತ್ರ ಹತ್ತಿದ. ಚೀಟಿ ಬಿತ್ತು: ನೂರ ಎಂಬತ್ತಾರು. ಯಂತ್ರ ಕೆಟ್ಟಿದೆ ಎಂದ. ಮುಂದಿನ ತಿಂಗಳು ನೂರ ತೊಂಬತ್ತು. ಚೀಟಿಯ ಬೆನ್ನಿಗೆ ಭವಿಷ್ಯ ಬೇರೆ ಅಚ್ಚಾಗಿತ್ತು: ನೀವು ಸುತ್ತಲಿನವರ ಪ್ರೀತಿಗೆ ಪಾತ್ರರು. ಹರಿದು ಹಳಿಯ ಮೇಲೆ ಎಸೆದ.

ಮಾರನೆಯ ದಿನ "ಕಾಲು ಮುದ್ದೆ" ಎಂದ. ನೀಲಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆ ಇರಬೇಕು. ಅವತ್ತಿನಿಂದ ಮುದ್ದೆ ಇನ್ನಷ್ಟು ಹೊಳೆಯಿತು, ಮಜ್ಜಿಗೆಯೂ ಮಂದವಾಯಿತು. ನೀರು ಬೆರೆಸಲೂ ಸೋಮಾರಿತನ ಈ ಜನಕ್ಕೆ ಎಂದು ಬೈದುಕೊಂಡು, ಮಜ್ಜಿಗೆಗೆ ಅದೇ ಇಪ್ಪತ್ತು ಬರೆದ. ಮುದ್ದೆ ನುಂಗುವ ವಸ್ತು, ಅಗಿಯುವುದಲ್ಲ. ಒಳಗೇನಿದೆ ಎಂದು ನಾಲಗೆಯನ್ನು ಕೇಳುವವರು ಯಾರು?

ಯುಗಾದಿಗೆ ಮೂರು ದಿನ ಮುಂಚೆ ಡಾಕ್ಟರ ತಕ್ಕಡಿ ನೂರ ತೊಂಬತ್ತಮೂರು ತೋರಿಸಿತು. ಪಂಚಾಕ್ಷರಿ ಪುಸ್ತಕ ಮುಂದಿಟ್ಟ. ಡಾಕ್ಟರು ಮೊದಲಿಂದ ಕೊನೆಯವರೆಗೆ ತಿರುವಿ ಹಾಕಿದರು.

"ಇಷ್ಟೇ ತಿಂದಿದ್ರೆ ನೀವು ಎದ್ದು ಓಡಾಡೋದೇ ಕಷ್ಟ ಇತ್ತು. ಕದ್ದು ತಿಂದು, ಮೇಲೆ ಸುಳ್ಳು ಬರ್ಕೊಂಡು ಬಂದಿದೀರಿ." ಎಂದವರೇ ಕಾಗದಕ್ಕೆ ಸಹಿ ಹಾಕಿದರು. ಖಾಯಂ ಆಗಲಿಲ್ಲ. ಹಂಗಾಮಿಯೂ ಉಳಿಯಲಿಲ್ಲ.

ಮಧ್ಯಾಹ್ನ ಕಾಲು ತಾನಾಗಿ ಖಾನಾವಳಿಗೆ ಎಳೆಯಿತು. ಅಂಜಿನಯ್ಯ ಬಾಗಿಲಲ್ಲೇ ಡಬ್ಬಿ ಹಿಡಿದು ನಿಂತಿದ್ದ. ಅವಮಾನ ನುಂಗಲಾರದೆ ಪಂಚಾಕ್ಷರಿ ಮೊದಲ ಸಲ ನಾಲ್ಕನೆಯ ಮಾತಾಡಿದ.

"ಕೆಲಸ ಹೋಯ್ತಮ್ಮ."

ನೀಲಗಂಗಮ್ಮ ಇಡೀ ಮುದ್ದೆ ಬಡಿಸಿದಳು. ಅಂಜಿನಯ್ಯನ ಕೈಯಿಂದ ಡಬ್ಬಿ ತೆಗೆದುಕೊಂಡು, ಅದರಲ್ಲಿದ್ದುದನ್ನೆಲ್ಲ ಮುದ್ದೆಯ ಮೇಲೆ ಸುರಿದಳು.

"ಇನ್ನು ಮುಚ್ಚುಮರೆ ಯಾಕೆ ಸ್ವಾಮಿ," ಎಂದಳು. "ಅರ್ಧ ಮುದ್ದೆ, ಚೊಂಬು ನೀರು, ಬಸ್ಸಿಗೂ ಗತಿಯಿಲ್ಲದ ನಡಿಗೆ, ಬೆಲ್ಟಿಗೆ ಮೊಳೆ. ಕಾಸಿಲ್ಲ ಪಾಪ, ಬರೀ ನೀರು ಕುಡಿದೇ ಮೈ ಊದಿಸ್ಕೊಂಡಿದಾರೆ, ಮಾನಸ್ಥರು, ಕೇಳಿದ್ರೆ ಬೇಡ ಅಂತಾರೆ ಅಂದ ಅಂಜಿನಯ್ಯ. ಅದಕ್ಕೇ ಮೂರು ತಿಂಗಳಿಂದ ದಿನಾ ನಿಮ್ಮ ಮುದ್ದೆಯೊಳಗೆ ನಿಂಬೆಹಣ್ಣಿನ ಗಾತ್ರ ಬೆಣ್ಣೆ ಕಲಸಿ ಕಟ್ತಾ ಇದ್ದೆ, ಅವನ ಎಮ್ಮೇದು."