ಸದ್ದಿಗೆ ಕೊಟ್ಟ ತೀರ್ಪು

ಕಣ್ಣು ಪರೀಕ್ಷೆಯ ಕತ್ತಲ ಕೋಣೆಯಲ್ಲಿ ಯಂತ್ರ ಟಕ್ ಎಂದಿತು, ಅಂಪೈರ್ ಡಾರ್ನ್‌ಲಿ ಬಾಯ್ಸ್ ಥಟ್ಟನೆ ಗುಂಡಿ ಒತ್ತಿದರು. ಬಲಗಣ್ಣಿಗೆ ಪಟ್ಟಿ ಕಟ್ಟಿತ್ತು. ಎದುರಿನ ಯಂತ್ರದ ಬಿಳಿ ಬೋಗುಣಿಯೊಳಗೆ ಎಲ್ಲಾದರೂ ಬೆಳಕಿನ ಚುಕ್ಕಿ ಕಂಡರೆ ಒತ್ತಬೇಕು, ಅಷ್ಟೇ ಪರೀಕ್ಷೆ. ಪ್ರತಿ ಚುಕ್ಕಿಗೂ ಮುನ್ನ ಯಂತ್ರ ಸಣ್ಣಗೆ ಸದ್ದು ಮಾಡುತ್ತದೆ ಎಂಬುದನ್ನು ಅವರು ಎರಡೇ ನಿಮಿಷದಲ್ಲಿ ಕಂಡುಕೊಂಡಿದ್ದರು. ಶನಿವಾರ ಸೇಂಟ್ ಲೂಸಿ ಮೈದಾನದಲ್ಲಿ ಕ್ರಿಕೆಟ್ ಫೈನಲ್ ಪಂದ್ಯ. ಮೂವತ್ತೊಂದು ವರ್ಷದಿಂದ ಅಂಪೈರ್ ಆಗಿದ್ದವರ ಬಳಿ ಕ್ಲಬ್ಬಿನವರು ಈ ಸಲ ಕಣ್ಣಿನ ಸರ್ಟಿಫಿಕೇಟ್ ಕೇಳಿದ್ದರು.

“ಸ್ವಲ್ಪ ನಿಲ್ಲಿಸಿ, ಅಂಪೈರ್ ಸಾಹೇಬ್ರೇ,” ಎಂದಳು ಪರೀಕ್ಷೆ ಮಾಡುತ್ತಿದ್ದ ಷರ್ಮೇನ್. “ಈಗ ಒತ್ತಿದ್ರಲ್ಲ, ಬೆಳಕೇ ಬಂದಿರ್ಲಿಲ್ಲ. ಬರೀ ಸದ್ದು. ಸುಮ್ನೆ ಒತ್ತೋರನ್ನ ಹಿಡಿಯೋಕೆ ಮಿಷನ್ನೇ ಆಗಾಗ ಹಾಗ್ಮಾಡುತ್ತೆ. ಇದು ನಾಲ್ಕನೇ ಸಲ.”

ಬಾಯ್ಸ್ ಯಂತ್ರದ ಆನಿಕೆಯಿಂದ ಗದ್ದ ಎತ್ತಲಿಲ್ಲ. “ನಿಮ್ಮಪ್ಪನ್ನ ತೊಂಬತ್ತೆಂಟು ರನ್ನಿಗೆ ಔಟ್ ಕೊಟ್ಟೆ ಅಂತ ಸೇಡು ತೀರಿಸ್ಕೊಳ್ತಿದ್ದೀಯಾ?”

“ಅಪ್ಪ ಈಗ್ಲೂ ಬೈತಾರೆ. ಆದ್ರೆ ಆ ಮನುಷ್ಯ ಕಣ್ಣಾರೆ ಕಾಣದೆ ಬೆರಳೆತ್ತಲ್ಲ ಅಂತಾನೂ ಹೇಳ್ತಾರೆ.”

ಅವಳ ಮುಂದಿನ ಪರದೆಯ ಮೇಲೆ ಅವರ ಕಣ್ಣಿನ ಒಳಗಿನ ಚಿತ್ರ ಆಗಲೇ ಇತ್ತು. ದೃಷ್ಟಿಯ ನರದ ತುದಿ ಗುಳಿಬಿದ್ದು ಬಿಳಿಚಿಕೊಂಡಿತ್ತು, ನೋಟ ಸವೆಯುತ್ತಿರುವ ಗುರುತು. ಅದನ್ನು ಅವಳು ಹೇಳಲಿಲ್ಲ.

ಬಾಯ್ಸ್ ಗದ್ದವನ್ನು ಮತ್ತೆ ಸರಿಯಾಗಿ ಆನಿಸಿದರು. ಆಮೇಲೆ, “ಮೊದಲಿಂದ ಹಾಕಮ್ಮ,” ಎಂದರು.

ಯಂತ್ರ ಟಕ್ ಎಂದಿತು. ಮತ್ತೆ ಟಕ್ ಎಂದಿತು. ಅವರ ಹೆಬ್ಬೆರಳು ಗುಂಡಿಯ ಮೇಲೆಯೇ ಕಾದಿತ್ತು. ಪರೀಕ್ಷೆ ಮುಗಿಯುವವರೆಗೂ ಅವರು ಎರಡೇ ಸಲ ಒತ್ತಿದರು.